ಅಂತರಜಾಲ ವಿಶ್ವಕೋಶದಲ್ಲಿ ಉದ್ಯಮಸಂಸ್ಥೆಗಳು: ಸಂಭಾವನೆಯ ಸಂಪಾದನೆ ಮತ್ತು ತಾಟಸ್ಥ್ಯದ ಪ್ರಶ್ನೆ

ವಿಶ್ವಕೋಶ ರಚನೆಯೆಂಬುದು ಕನ್ನಡಕ್ಕೆ ಹೊಸ ಸಾಹಸವೇನಲ್ಲ. ಶಿವರಾಮ ಕಾರಂತರ ‘ಬಾಲಪ್ರಪಂಚ’ದಿಂದ ಮೊದಲ್ಗೊಂಡು, 1969ರಲ್ಲಿ ಮೊದಲ ಸಂಪುಟ ಕಂಡ ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದವರೆಗೆ ಈ ಪರಂಪರೆ ಹಬ್ಬಿದೆ. ಮುದ್ರಿತ ವಿಶ್ವಕೋಶದಲ್ಲಿ ಬರಹದ ಹೊಣೆ ಯಾರದೆಂಬುದು ಸ್ಪಷ್ಟ: ಅಲ್ಲೊಂದು ಸಂಪಾದಕ ಮಂಡಳಿ ಇರುತ್ತದೆ, ಪ್ರಕಟಿಸುವ ಸಂಸ್ಥೆ ಇರುತ್ತದೆ. 2001ರ ಜನವರಿ 15ರಂದು ಆರಂಭವಾದ ವಿಕಿಪೀಡಿಯ ಈ ಏರ್ಪಾಡನ್ನೇ ಬದಲಿಸಿತು. 2003ರಲ್ಲಿ ಅದರ ಕನ್ನಡ ಆವೃತ್ತಿಯೂ ಮೊದಲಾಯಿತು. ಇಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಬರೆಯುವವರು ತಮ್ಮ ನಿಜನಾಮವನ್ನು ತಿಳಿಸಬೇಕೆಂಬ ನಿರ್ಬಂಧವಿಲ್ಲ. ಈ ಮುಕ್ತತೆಯಿಂದಲೇ ಅದು ಬೆಳೆಯಿತು. ಉದ್ಯಮಸಂಸ್ಥೆಯೊಂದು ತನ್ನನ್ನು ಕುರಿತ ನಮೂದನ್ನು ಹಣ ಕೊಟ್ಟು ಬರೆಯಿಸಿದರೆ ಓದುಗನಿಗೆ ಅದು ತಿಳಿಯುವುದು ಹೇಗೆಂಬ ಪ್ರಶ್ನೆ ಹುಟ್ಟಿದ್ದೂ ಈ ಮುಕ್ತತೆಯಿಂದಲೇ.

ಈ ಪ್ರಶ್ನೆಯನ್ನು ಕೇವಲ ತಾಂತ್ರಿಕವೆಂದು ಬದಿಗಿಡುವಂತಿಲ್ಲ. ಉದ್ಯೋಗಕ್ಕೆ ಅರ್ಜಿ ಸಲ್ಲಿಸುವ ಪದವೀಧರ, ಕಾಲೇಜನ್ನು ಆರಿಸಿಕೊಳ್ಳುವ ವಿದ್ಯಾರ್ಥಿ, ಉಳಿತಾಯವನ್ನು ಷೇರಿನಲ್ಲಿ ತೊಡಗಿಸುವ ನಿವೃತ್ತ ನೌಕರ ಮೊದಲಾದವರು ಮೊದಲಿಗೆ ಕಾಣುವುದು ಶೋಧಯಂತ್ರ ತೋರುವ ನಾಲ್ಕು ಸಾಲುಗಳನ್ನು. ಆ ಸಾಲುಗಳು ಹಲವೊಮ್ಮೆ ವಿಕಿಪೀಡಿಯದಿಂದಲೇ ಬಂದವು. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳೂ ಅದನ್ನು ಆಕರವಾಗಿ ಬಳಸುತ್ತವೆ. ಆದ್ದರಿಂದ ಮೂಲದಲ್ಲಿ ಸೇರಿದ ಪಕ್ಷಪಾತವು ಮೂಲದ ಹೆಸರಿಲ್ಲದೆ ಬಹುದೂರ ಸಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಸಮಸ್ಯೆಯ ಸ್ವರೂಪವನ್ನು, ಅದಕ್ಕಿರುವ ನಿಯಮಗಳನ್ನು ಮತ್ತು ಕನ್ನಡದ ಸಂದರ್ಭದಲ್ಲಿ ಅದು ಪಡೆಯುವ ರೂಪವನ್ನು ಪಶ್ಚಿಮ ಬೆಂಗಳೂರಿನ ಎರಡು ಸಂಸ್ಥೆಗಳ ನಿದರ್ಶನದೊಂದಿಗೆ ವಿವೇಚಿಸಲಾಗಿದೆ.

ತಾಟಸ್ಥ್ಯವೆಂದರೇನು?

ತಾಟಸ್ಥ್ಯವೆಂದರೆ ಒಂದು ಹೊಗಳಿಕೆಗೆ ಒಂದು ತೆಗಳಿಕೆಯನ್ನು ಜೋಡಿಸಿ ತಕ್ಕಡಿ ಸಮಮಾಡುವುದೆಂಬ ಭಾವನೆ ಸಾಮಾನ್ಯವಾಗಿದೆ. ವಿಕಿಪೀಡಿಯದ ತತ್ತ್ವ ಅದಲ್ಲ. ವಿಶ್ವಾಸಾರ್ಹವೂ ಸ್ವತಂತ್ರವೂ ಆದ ಆಕರಗಳು ಒಂದು ವಿಷಯಕ್ಕೆ ಎಷ್ಟು ಮಹತ್ತ್ವ ನೀಡಿವೆಯೋ ಅಷ್ಟೇ ಪ್ರಮಾಣದಲ್ಲಿ ಅದು ನಮೂದಿನಲ್ಲಿ ಕಾಣಿಸಬೇಕು. ವಿವಾದವಿದ್ದಲ್ಲಿ ಲೇಖಕನು ತೀರ್ಪು ಕೊಡದೆ, ಯಾರು ಏನು ಹೇಳಿದರೆಂಬುದನ್ನು ಹೇಳಿದವರ ಹೆಸರಿನಲ್ಲಿಯೇ ದಾಖಲಿಸಬೇಕು. ಇದರೊಂದಿಗೆ ಪರಿಶೀಲನಾರ್ಹತೆ ಮತ್ತು ಸ್ವಂತ ಸಂಶೋಧನೆಯ ನಿಷೇಧ ಎಂಬ ಇನ್ನೆರಡು ತತ್ತ್ವಗಳು ಸೇರಿವೆ. ಸಂಸ್ಥೆಯ ಸ್ವಂತ ಜಾಲತಾಣವಾಗಲಿ ಪತ್ರಿಕಾ ಪ್ರಕಟಣೆಯಾಗಲಿ ಸ್ವತಂತ್ರ ಆಕರವಾಗುವುದಿಲ್ಲ.

ಹಣ ಪಡೆದು ಬರೆಯುವುದನ್ನು ನಿಯಮವು ಸಂಪೂರ್ಣವಾಗಿ ನಿಷೇಧಿಸಿಲ್ಲವೆಂಬುದು ಇಲ್ಲಿ ಗಮನಾರ್ಹ. 2014ರ ಜೂನ್ ತಿಂಗಳಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ತನ್ನ ಬಳಕೆಯ ನಿಬಂಧನೆಗಳಿಗೆ ತಿದ್ದುಪಡಿ ತಂದು, ಸಂಭಾವನೆ ಪಡೆದು ಸಂಪಾದಿಸುವವರು ತಮ್ಮ ಉದ್ಯೋಗದಾತರನ್ನು, ಗ್ರಾಹಕರನ್ನು ಮತ್ತು ಸಂಬಂಧವನ್ನು ಬಹಿರಂಗಪಡಿಸಬೇಕೆಂದು ವಿಧಿಸಿತು. ಇಂಥವರು ಲೇಖನವನ್ನು ನೇರವಾಗಿ ತಿದ್ದದೆ, ಅದರ ಚರ್ಚಾಪುಟದಲ್ಲಿ ಕೋರಿಕೆ ಸಲ್ಲಿಸಿ, ಸಂಬಂಧವಿಲ್ಲದ ಮತ್ತೊಬ್ಬ ಸಂಪಾದಕರು ಪರಿಶೀಲಿಸಿ ಸೇರಿಸುವಂತೆ ಬಿಡಬೇಕೆಂಬುದು ಇಂಗ್ಲಿಷ್ ಆವೃತ್ತಿಯ ಮಾರ್ಗಸೂಚಿ. ಅಂದರೆ ಆಕ್ಷೇಪವಿರುವುದು ಹಣಕ್ಕಿಂತ ಮುಖ್ಯವಾಗಿ ಮರೆಮಾಚುವಿಕೆಗೆ.

ಮರೆಮಾಚಿದ ಬರವಣಿಗೆ: ಮೂರು ಪ್ರಕರಣಗಳು

ಮರೆಮಾಚುವಿಕೆ ಯಾವ ಪ್ರಮಾಣಕ್ಕೆ ಬೆಳೆಯಬಲ್ಲದೆಂಬುದಕ್ಕೆ ಕೆಲವು ಪ್ರಕರಣಗಳು ಸಾಕ್ಷಿಯಾಗಿವೆ. 2013ರಲ್ಲಿ ವಿಕಿ-ಪಿಆರ್ ಎಂಬ ಅಮೆರಿಕದ ಸಂಸ್ಥೆಯೊಂದಿಗೆ ಸಂಬಂಧವಿದ್ದ ನೂರಾರು ಹುಸಿ ಖಾತೆಗಳು ಪತ್ತೆಯಾಗಿ, ಪ್ರತಿಷ್ಠಾನವು ಅದಕ್ಕೆ ಕಾನೂನು ನೋಟಿಸು ನೀಡಬೇಕಾಯಿತು. 2015ರಲ್ಲಿ ‘ಆರೆಂಜ್‌ಮೂಡಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಪ್ರಕರಣದಲ್ಲಿ 381 ಖಾತೆಗಳನ್ನು ತಡೆಹಿಡಿದು 210 ಲೇಖನಗಳನ್ನು ಅಳಿಸಲಾಯಿತು. ಈ ಗುಂಪಿನ ವಿಧಾನವೇ ವಿಲಕ್ಷಣವಾದುದು. ವಿಕಿಪೀಡಿಯದಲ್ಲಿ ತಿರಸ್ಕೃತವಾದ ಕರಡುಗಳನ್ನು ಹುಡುಕಿ, ಆಯಾ ವ್ಯವಹಾರದವರನ್ನು ಸಂಪರ್ಕಿಸಿ, ಹಣ ಕೊಟ್ಟರೆ ಲೇಖನ ಪ್ರಕಟವಾಗುವಂತೆ ಮಾಡುವುದಾಗಿ ಅವರು ಹೇಳುತ್ತಿದ್ದರು. ಅನಂತರ ಲೇಖನವನ್ನು ‘ಕಾಪಾಡಲು’ ಮತ್ತೆ ಹಣ ಕೇಳುತ್ತಿದ್ದರು. ಇಲ್ಲಿ ವಂಚಿತರಾದವರಲ್ಲಿ ಸಣ್ಣ ಉದ್ಯಮಿಗಳೇ ಹೆಚ್ಚಿನವರು. ಇಂಥ ಕರೆ ಅಥವಾ ಮಿಂಚಂಚೆ ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಸಣ್ಣ ಘಟಕಕ್ಕೂ ಬರಬಹುದಾದದ್ದು. ಅಲ್ಲಿನ ಮಾಲೀಕರು ತಿಳಿದಿರಬೇಕಾದ ಸಂಗತಿ ಇಷ್ಟೆ: ವಿಕಿಪೀಡಿಯದಲ್ಲಿ ನಮೂದು ಉಳಿಯುವಂತೆ ಖಾತರಿ ನೀಡುವ ಅಧಿಕಾರ ಯಾರಿಗೂ ಇಲ್ಲ, ಅಂಥ ಖಾತರಿಯನ್ನು ಮಾರುವವರು ತಮ್ಮದಲ್ಲದ ವಸ್ತುವನ್ನು ಮಾರುತ್ತಿದ್ದಾರೆ.

ಭಾರತದ ಪ್ರಕರಣವೊಂದು ಇವಕ್ಕಿಂತ ಗಂಭೀರವಾದುದು. ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಶಿಕ್ಷಣಸಂಸ್ಥೆಗೆ ಸಂಬಂಧಿಸಿದ ಲೇಖನಗಳನ್ನು ವರ್ಷಗಟ್ಟಲೆ ಒಂದೇ ಕಡೆಗೆ ವಾಲಿಸಿದನೆಂಬ ಕಾರಣಕ್ಕೆ ‘ವಿಫಿಯೋನ್’ ಎಂಬ ಹೆಸರಿನ ನಿರ್ವಾಹಕನೊಬ್ಬನನ್ನು ಇಂಗ್ಲಿಷ್ ವಿಕಿಪೀಡಿಯದ ಪಂಚಾಯ್ತಿ ಸಮಿತಿಯು 2015ರಲ್ಲಿ ಅಧಿಕಾರದಿಂದ ತೆಗೆದು ಬಹಿಷ್ಕರಿಸಿತು. ಸಾಮಾನ್ಯ ಬಳಕೆದಾರನಿಗಿಲ್ಲದ ಅಧಿಕಾರವುಳ್ಳ ಖಾತೆಯದು. ಅಂಥ ನಮೂದನ್ನು ನಂಬಿ ಶುಲ್ಕ ಕಟ್ಟುವ ವಿದ್ಯಾರ್ಥಿಗೆ ತಾಟಸ್ಥ್ಯವು ತಾತ್ತ್ವಿಕ ವಿಷಯವಲ್ಲ. ಅವನ ಕುಟುಂಬದ ಹಣದ ಮತ್ತು ಅವನ ವರ್ಷಗಳ ವಿಷಯ.

ಪಶ್ಚಿಮ ಬೆಂಗಳೂರಿನ ಎರಡು ನಿದರ್ಶನಗಳು

ಪಕ್ಷಪಾತವು ಸುಳ್ಳಿನ ರೂಪದಲ್ಲಿಯೇ ಬರಬೇಕೆಂದಿಲ್ಲ. ಆಯ್ಕೆಯಲ್ಲಿ, ಪದಬಳಕೆಯಲ್ಲಿ ಅದು ಹೆಚ್ಚು ಸೂಕ್ಷ್ಮವಾಗಿ ಇರುತ್ತದೆ. ರಾಜಾಜಿನಗರದ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವನ್ನು ಉದಾಹರಣೆಗೆ ನೋಡಬಹುದು. ಇದರ ಮೂಲ 1916ರಷ್ಟು ಹಿಂದಿನದು; ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು, ಎಸ್.ಜಿ. ಶಾಸ್ತ್ರಿಗಳು ಈ ಚರಿತ್ರೆಯಲ್ಲಿ ಬರುವ ಹೆಸರುಗಳು. 1980ರಲ್ಲಿ ಅದು ಕಂಪನಿಯ ರೂಪ ಪಡೆಯಿತು. ಪ್ರಚಾರ ವಿಭಾಗವು ಬರೆದರೆ ಲೇಖನ ಇಲ್ಲಿಗೇ ನಿಂತೀತು. ಆದರೆ 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಸುಮಾರು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂಪಾಯಿಗಳಿಗೆ ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ಕಲಾವಿದರನ್ನೇಕೆ ಆರಿಸಲಿಲ್ಲವೆಂಬ ಆಕ್ಷೇಪ ವ್ಯಾಪಕವಾಗಿ ಎದ್ದಿತು. ಕರ್ನಾಟಕದ ಹೊರಗೆ ಮಾರುಕಟ್ಟೆ ವಿಸ್ತರಿಸುವುದು ಉದ್ದೇಶವೆಂದು ಸರ್ಕಾರ ಸಮರ್ಥಿಸಿಕೊಂಡಿತು. ತಟಸ್ಥ ನಮೂದಿನಲ್ಲಿ ಈ ಎರಡೂ ಮಾತುಗಳು ಆಕರಸಹಿತವಾಗಿ ಬರಬೇಕು. ಹಾಗೆಯೇ ನೂರು ವರ್ಷಗಳ ಇತಿಹಾಸಕ್ಕೆ ಎರಡು ಸಾಲು, ಈ ವಿವಾದಕ್ಕೆ ಎರಡು ಪುಟ ಎಂಬಂತಾದರೆ ಅದೂ ಪಕ್ಷಪಾತವೇ ಸರಿ.

ಎರಡನೆಯ ನಿದರ್ಶನ ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಸಮೀಪವಿರುವ ಗ್ಲೋಬಲ್ ವಿಲೇಜ್ ಆವರಣದ್ದು. 1999ರಲ್ಲಿ ಸ್ಥಾಪಿತವಾದ ಮೈಂಡ್‌ಟ್ರೀ ಕಂಪನಿಯ ಮುಖ್ಯಕಚೇರಿ ಅಲ್ಲಿತ್ತು. 2019ರ ಮಾರ್ಚ್‌ನಲ್ಲಿ ವಿ.ಜಿ. ಸಿದ್ಧಾರ್ಥ ಅವರ ಪಾಲಿನ ಶೇ. 20ರಷ್ಟು ಷೇರುಗಳನ್ನು ಕೊಳ್ಳಲು ಲಾರ್ಸನ್ ಅಂಡ್ ಟೂಬ್ರೊ ಒಪ್ಪಂದ ಮಾಡಿಕೊಂಡಿತು. ಸ್ಥಾಪಕರು ಇದನ್ನು ಪ್ರತಿಕೂಲ ಸ್ವಾಧೀನ ಯತ್ನವೆಂದು ಕರೆದು ವಿರೋಧಿಸಿದರು. ಅದೇ ವರ್ಷ ಬಹುಮತದ ಪಾಲು ಲಾರ್ಸನ್ ಸಂಸ್ಥೆಯ ಕೈಸೇರಿತು. 2022ರ ನವೆಂಬರ್‌ನಲ್ಲಿ ಎರಡು ಕಂಪನಿಗಳು ವಿಲೀನಗೊಂಡು ಎಲ್‌ಟಿಐಮೈಂಡ್‌ಟ್ರೀ ರೂಪುಗೊಂಡಿತು. ಈ ಘಟನೆಯನ್ನು ‘ಹೂಡಿಕೆ’, ‘ಖರೀದಿ’, ‘ಸ್ವಾಧೀನ’, ‘ಕಬಳಿಕೆ’ ಎಂಬ ನಾಲ್ಕು ಪದಗಳಿಂದಲೂ ಸೂಚಿಸಬಹುದು. ಒಂದೊಂದು ಪದವೂ ಒಂದೊಂದು ಪಕ್ಷದ ಕಡೆಗೆ ನಿಲ್ಲುತ್ತದೆ. ಇಂಥಲ್ಲಿ ಷೇರಿನ ಪ್ರಮಾಣವನ್ನೂ ದಿನಾಂಕವನ್ನೂ ವಿಶ್ವಕೋಶದ ಧ್ವನಿಯಲ್ಲಿ ಹೇಳಿ, ‘ಪ್ರತಿಕೂಲ’ ಎಂಬ ವಿಶೇಷಣವನ್ನು ಸ್ಥಾಪಕರ ಮಾತಾಗಿ ದಾಖಲಿಸುವುದೇ ಸರಿಯಾದ ಮಾರ್ಗ.

ಕನ್ನಡ ಆವೃತ್ತಿಯ ಅನುಭವ

ಹಣ ಪಡೆದ ಬರವಣಿಗೆಯ ಅನುಭವ ಕನ್ನಡಕ್ಕೂ ಆಗಿದೆ, ಆದರೆ ಬೇರೆ ರೂಪದಲ್ಲಿ. ಗೂಗಲ್ ಸಂಸ್ಥೆಯು 2008ರಲ್ಲಿ ಹಿಂದಿಯಿಂದ ಆರಂಭಿಸಿದ ಯೋಜನೆಯೊಂದು ಮುಂದೆ ಕನ್ನಡ, ತಮಿಳು, ತೆಲುಗು ಮೊದಲಾದ ಭಾಷೆಗಳಿಗೆ ವಿಸ್ತರಿಸಿತು. ಸಂಭಾವನೆ ಪಡೆದ ಅನುವಾದಕರೂ ಯಂತ್ರಾನುವಾದದ ಉಪಕರಣವೂ ಕೂಡಿ ಇಂಗ್ಲಿಷ್ ಲೇಖನಗಳನ್ನು ಭಾಷಾಂತರಿಸಿದವು. ಎಲ್ಲ ಭಾಷೆಗಳೂ ಸೇರಿ 160 ಲಕ್ಷ ಪದಗಳು ಅನುವಾದಗೊಂಡವೆಂದು 2010ರಲ್ಲಿ ಸಂಸ್ಥೆ ಪ್ರಕಟಿಸಿತು. ಲೇಖನಗಳ ಆಯ್ಕೆಗೆ ಆಧಾರವಾದದ್ದು ಶೋಧಯಂತ್ರದ ಅಂಕಿಅಂಶ. ಇಲ್ಲಿ ಯಾವ ಕಂಪನಿಯನ್ನೂ ಹೊಗಳಿಸುವ ಉದ್ದೇಶವಿರಲಿಲ್ಲ. ಆದರೂ ಯಾವುದನ್ನು ಬರೆಯಬೇಕೆಂಬ ನಿರ್ಣಯ ಭಾಷಾ ಸಮುದಾಯದ ಹೊರಗಿತ್ತು, ವಾಕ್ಯರಚನೆ ಕೃತಕವಾಗಿತ್ತು, ಬರೆದವರು ಮುಂದೆ ಅದನ್ನು ತಿದ್ದಲು ಉಳಿಯಲಿಲ್ಲ. ತಮಿಳು ಮತ್ತು ಬಂಗಾಳಿ ಸಮುದಾಯಗಳಿಂದಲೂ ಇಂಥದೇ ಆಕ್ಷೇಪ ಬಂದಿತು. ಹಣದ ಹರಿವು ನಿಂತಾಗ ಹೊಣೆಯೂ ನಿಲ್ಲುತ್ತದೆಂಬುದು ಈ ಅನುಭವದಿಂದ ದೊರೆಯುವ ಪಾಠ.

ಕನ್ನಡ ಆವೃತ್ತಿಯಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ ಇಂಗ್ಲಿಷಿಗೆ ಹೋಲಿಸಿದರೆ ತೀರ ಅಲ್ಪ. ಇಂಗ್ಲಿಷಿನಲ್ಲಿ ಅಳಿಸಿಹೋಗುವ ಪ್ರಚಾರ ಲೇಖನವು ಕನ್ನಡದಲ್ಲಿ ಬಹುಕಾಲ ಕಣ್ಣಿಗೆ ಬೀಳದೆ ಉಳಿಯಬಹುದು. ಆಕರಗಳ ಸಮಸ್ಯೆಯೂ ಇದೆ. ಭಾರತೀಯ ಪತ್ರಿಕೆಗಳಲ್ಲಿ ‘ಕಾಸಿಗಾಗಿ ಸುದ್ದಿ’ ಪ್ರಕಟವಾಗುವುದನ್ನು ಕುರಿತು ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿಯೇ ವರದಿ ನೀಡಿತ್ತು. ಜಾಹೀರಾತು ಸುದ್ದಿಯ ವೇಷದಲ್ಲಿ ಅಚ್ಚಾದರೆ, ಅದನ್ನು ಉಲ್ಲೇಖಿಸಿದ ಪ್ರಾಮಾಣಿಕ ಸಂಪಾದಕನ ಲೇಖನವೂ ಜಾಹೀರಾತೇ ಆಗುತ್ತದೆ. ಆದ್ದರಿಂದ ಅಡಿಟಿಪ್ಪಣಿಗಳ ಸಂಖ್ಯೆಗಿಂತ ಅವುಗಳ ಸ್ವಾತಂತ್ರ್ಯವನ್ನು ಪರೀಕ್ಷಿಸುವುದು ಅಗತ್ಯ.

ಭಾಷೆಯಲ್ಲಿ ಪಕ್ಷಪಾತದ ಗುರುತುಗಳು

ಭಾಷಾಧ್ಯಯನ ಮಾಡುವವರಿಗೆ ಇಲ್ಲೊಂದು ನಿಶ್ಚಿತ ಕೆಲಸವಿದೆ. ಕನ್ನಡದ ಪ್ರಚಾರ ಬರವಣಿಗೆಗೆ ತನ್ನದೇ ಲಕ್ಷಣಗಳಿವೆ. ‘ಹೆಸರಾಂತ’, ‘ವಿಶ್ವದರ್ಜೆಯ’, ‘ಮನೆಮಾತಾದ’ ಎಂಬ ವಿಶೇಷಣಗಳು ಮೊದಲ ಗುರುತು. ಎರಡನೆಯದು ಕರ್ತೃವನ್ನು ಅಡಗಿಸುವ ‘ಎನ್ನಲಾಗಿದೆ’, ‘ಎಂದು ಪರಿಗಣಿಸಲಾಗುತ್ತದೆ’ ಎಂಬ ಕ್ರಿಯಾರೂಪಗಳು: ಯಾರು ಎಂದರು, ಯಾರು ಪರಿಗಣಿಸಿದರು? ಮೂರನೆಯದು ವರದಿಕ್ರಿಯೆಗಳ ಆಯ್ಕೆ. ‘ಸಂಸ್ಥೆ ತಿಳಿಸಿತು’ ಎಂಬುದು ತಟಸ್ಥ. ‘ಸ್ಪಷ್ಟಪಡಿಸಿತು’ ಎಂದರೆ ಅದರ ಮಾತು ನಿಜವೆಂದು ನಾವೇ ಒಪ್ಪಿದಂತೆ. ‘ಒಪ್ಪಿಕೊಂಡಿತು’ ಎಂದರೆ ತಪ್ಪು ನಡೆದಿತ್ತೆಂದು ನಾವೇ ತೀರ್ಮಾನಿಸಿದಂತೆ. ‘ಕಾರ್ಮಿಕರನ್ನು ಕೆಲಸದಿಂದ ತೆಗೆಯಲಾಯಿತು’ ಎಂಬಲ್ಲಿ ತೆಗೆದವರು ಮರೆಯಾಗುತ್ತಾರೆ. ‘ಸಂಸ್ಥೆಯು ಉದ್ಯೋಗಗಳನ್ನು ಸೃಷ್ಟಿಸಿತು’ ಎಂಬಲ್ಲಿ ಕರ್ತೃ ಮುಂದೆ ಬಂದು ನಿಲ್ಲುತ್ತದೆ. ಈ ಎರಡು ವಾಕ್ಯಗಳು ಒಂದೇ ಲೇಖನದಲ್ಲಿದ್ದರೆ, ಪ್ರತಿಯೊಂದು ಸಂಗತಿಯೂ ಸತ್ಯವೇ ಆಗಿದ್ದರೂ ಲೇಖನ ತಟಸ್ಥವಲ್ಲ.

ವಿಕಿಪೀಡಿಯದ ಪ್ರತಿ ಲೇಖನಕ್ಕೂ ಇತಿಹಾಸದ ಪುಟವಿದೆ. ಯಾವ ಖಾತೆ ಯಾವ ದಿನ ಏನನ್ನು ಸೇರಿಸಿತು, ಏನನ್ನು ಅಳಿಸಿತು ಎಂಬುದು ಅಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ. ಒಂದೇ ಕಂಪನಿಯ ಪುಟವನ್ನಷ್ಟೇ ತಿದ್ದಿ ಮಾಯವಾಗುವ ಖಾತೆ, ಟೀಕೆಯ ಭಾಗವನ್ನು ಮಾತ್ರ ತೆಗೆಯುವ ಸಂಪಾದನೆ ಇವು ರುಜುವಾತುಗಳಲ್ಲವಾದರೂ ಪರಿಶೀಲನೆಗೆ ಆರಂಭಬಿಂದುಗಳು. ಸ್ನಾತಕೋತ್ತರ ಕನ್ನಡ ವಿದ್ಯಾರ್ಥಿಗಳು ಶಾಸನದ ಪಾಠಾಂತರಗಳನ್ನು ಪರಿಶೀಲಿಸುವ ಶಿಸ್ತಿನಿಂದಲೇ ಇಂಥ ಪುಟಗಳ ಪಾಠಾಂತರಗಳನ್ನೂ ಪರಿಶೀಲಿಸಬಹುದು. ಗ್ರಂಥಸಂಪಾದನಾಶಾಸ್ತ್ರವು ಲಿಪಿಕಾರನ ಕೈಯನ್ನು ಗುರುತಿಸಲು ಕಲಿಸಿದೆ. ಇಲ್ಲಿ ಆ ಕೈಗೆ ಕೂಲಿ ಕೊಟ್ಟವರು ಯಾರೆಂದು ಕೇಳುವುದೂ ಆ ವಿದ್ಯೆಯ ವ್ಯಾಪ್ತಿಗೆ ಸೇರಬೇಕಾಗಿದೆ.