‘ಬಿಲ್’ ಎಂಬ ಮಾತಿನ ಬಹುರೂಪ

ಆಂಗ್ಲ ಭಾಷೆಯಿಂದ ಬಂದು ನಮ್ಮ ನಿತ್ಯ ವ್ಯವಹಾರದಲ್ಲಿ ನೆಲೆಸಿದ ಮಾತುಗಳಲ್ಲಿ ‘ಬಿಲ್’ ಎಂಬುದೂ ಒಂದು. ಹೋಟೆಲಿನ ಮಾಣಿಯಿಂದ ಹಿಡಿದು ಕಚೇರಿಯ ಗುಮಾಸ್ತನವರೆಗೆ ಅದನ್ನು ಆಡದವರಿಲ್ಲ. ಆದರೆ ಒಂದೊಂದು ಎಡೆಯಲ್ಲಿ ಅದರ ಅರ್ಥ ಒಂದೊಂದು.

ಈ ಪದದ ಮೂಲ ಲ್ಯಾಟಿನ್ನಿನ ‘ಬುಲ್ಲಾ’. ನೀರ್ಗುಳ್ಳೆ ಎಂಬುದು ಅದರ ಮೊದಲ ಅರ್ಥ. ಬಳಿಕ ಗುಳ್ಳೆಯಂತೆ ಉರುಟಾದ ಮುದ್ರೆಗೂ, ಮುದ್ರೆಯೊತ್ತಿದ ಪತ್ರಕ್ಕೂ ಅದೇ ಹೆಸರಾಯಿತು. ಹಕ್ಕಿಯ ಕೊಕ್ಕನ್ನೂ ಆಂಗ್ಲರು ಬಿಲ್ ಎನ್ನುವರಾದರೂ ಅದು ಬೇರೆ ಮೂಲದ ಪದ. ಉಚ್ಚಾರ ಮಾತ್ರ ಒಂದೇ.

ಗಿರಾಕಿ ತಿಂದ ತಿಂಡಿಯ ಲೆಕ್ಕ ಬರೆದು ಮೇಜಿನ ಮೇಲಿಡುವ ಚೀಟಿ ಬಿಲ್ಲು. ಹಣ ಸಂದಿತೆಂದು ಬರೆದುಕೊಡುವುದು ರಸೀದಿ. ಮೊದಲನೆಯದು ಕೇಳಿಕೆ, ಎರಡನೆಯದು ಸಾಕ್ಷಿ. ಖೋಲಿಯ ಬಾಡಿಗೆ ತೆತ್ತು ಬಿಲ್ಲನ್ನಷ್ಟೇ ಜೋಪಾನವಾಗಿಟ್ಟವನು, ತಕರಾರು ಬಂದಾಗ ಸಂದಾಯವನ್ನು ತೋರಿಸಲಾರದೆ ಸಂಕಟಪಡುವನು. ಸರಕಾರಿ ಕಚೇರಿಯ ಸಂಬಳದ ಬಿಲ್ಲೂ ಹಾಗೆಯೇ. ಖಜಾನೆಯಲ್ಲಿ ಮಂಜೂರಾಗುವ ತನಕ ಅದು ಸಂಬಳವಲ್ಲ. ಅಮೇರಿಕೆಯಲ್ಲಾದರೋ ಕೈಯಲ್ಲಿರುವ ನೋಟಿಗೇ ಬಿಲ್ಲೆಂಬ ಹೆಸರಿದೆ.

ವರ್ತಕರ ಬಿಲ್ಲು ಮತ್ತೊಂದು ಬಗೆ. 1881ರ ಕಾಯಿದೆಯಲ್ಲಿ ಹೇಳಿದ ವಿನಿಮಯ ಬಿಲ್ಲು, ಇಂತಿಷ್ಟು ಹಣ ಕೊಡೆಂದು ಒಬ್ಬನು ಇನ್ನೊಬ್ಬನ ಮೇಲೆ ಬರೆಯುವ ಆಜ್ಞಾಪತ್ರ. ನಮ್ಮ ಹುಂಡಿಯ ದಾಯಾದಿ. ಯಾರ ಮೇಲೆ ಬರೆದಿದೆಯೋ ಆತನು ಒಪ್ಪಿ ರುಜು ಹಾಕಿದನೆಂದರೆ ಹಣದ ಹೊಣೆ ಆತನದು. ಆದುದರಿಂದ ಓದದೆ, ತಿಳಿಯದೆ ಅಂತಹ ಕಾಗದಕ್ಕೆ ರುಜು ಹಾಕತಕ್ಕದ್ದಲ್ಲ.

ಇನ್ನು ಪಾರ್ಲಿಮೆಂಟಿನ ಬಿಲ್ಲು. ಇದಕ್ಕೆ ಕನ್ನಡದಲ್ಲಿ ಮಸೂದೆ ಎಂಬ ಒಳ್ಳೆಯ ಮಾತಿದೆ. ಉಭಯ ಸದನಗಳು ಒಪ್ಪಿದ ಮಾತ್ರಕ್ಕೆ ಮಸೂದೆಯು ಕಾಯಿದೆಯಾಗದು. ರಾಷ್ಟ್ರಪತಿಗಳ ಅಂಕಿತ ಬೀಳಬೇಕು. ಸರಕಾರವು ಅಂಚೆಯ ಕಾಗದಗಳನ್ನು ತಡೆಹಿಡಿಯಲು ವಿಶಾಲ ಅಧಿಕಾರ ಕೊಡುವ ಮಸೂದೆಯೊಂದನ್ನು 1986ರಲ್ಲಿ ಎರಡೂ ಸದನಗಳು ಅಂಗೀಕರಿಸಿದ್ದವು. ರಾಷ್ಟ್ರಪತಿ ಜೈಲ್ ಸಿಂಗ್ ಅವರು ಅಂಕಿತ ಹಾಕಲಿಲ್ಲ. ಅದು ಹಾಗೆಯೇ ಉಳಿದು, 2002ರಲ್ಲಿ ವಾಪಸಾಯಿತು.

ಅಂಕಿತ ಬಿದ್ದರೂ ಕೆಲವೊಮ್ಮೆ ಕಾಯಬೇಕಾಗುವುದು. ಹೋಟೆಲು ಕೆಲಸಗಾರರಿಗೂ ಅನ್ವಯಿಸುವ ವೇತನ ಸಂಹಿತೆಗೆ 2019ರ ಆಗಸ್ಟ್ 8ರಂದು ಅಂಕಿತ ದೊರೆಯಿತು; ಅದು ಪೂರ್ಣವಾಗಿ ಜಾರಿಗೆ ಬಂದುದು 2025ರ ನವೆಂಬರ್ 21ರಂದು. ‘ಬಿಲ್ ಪಾಸಾಯಿತು’ ಎಂಬ ಸುದ್ದಿಯನ್ನು ನಂಬಿ ಮರುದಿನವೇ ಹೆಚ್ಚಿನ ಕೂಲಿಯನ್ನು ಎದುರುನೋಡಿದವನಿಗೆ ನಿರಾಶೆಯೇ ಗತಿ.

ಇಂತು ನೋಡಿದರೆ, ಅಮೇರಿಕೆಯ ನೋಟೊಂದನ್ನು ಬಿಟ್ಟು, ಇಲ್ಲಿ ಹೇಳಿದ ಬಿಲ್ಲುಗಳೆಲ್ಲಕ್ಕೂ ಸಮಾನವಾದ ಗುಣವೊಂದುಂಟು: ಅವು ಇನ್ನೂ ಪೂರೈಸದ ಕಾರ್ಯದ ಕಾಗದಗಳು. ಬಿಲ್ಲೆಂಬ ಮಾತು ಕಿವಿಗೆ ಬಿದ್ದಾಗ ಹಣ ಸಂದಿತೇ, ರುಜು ಯಾರದು, ಜಾರಿ ಎಂದಿನಿಂದ ಎಂದು ಕೇಳಿ ತಿಳಿಯುವುದು ದುಡಿದು ಬದುಕುವವರಿಗೆ ಕ್ಷೇಮ.