ಪರಾಗರೇಣು ನುಡಿಯುವ ಸಾಕ್ಷ್ಯ

ಅಮೆರಿಕದ ಪೌರತ್ವ ಪಡೆದ ನಮ್ಮವರಿಗೆ ಇಂದಲ್ಲ ನಾಳೆ ಜ್ಯೂರಿ ಸೇವೆಯ ಕರೆ ಬರಬಹುದು. ಬೆರಳಚ್ಚು, ರಕ್ತದ ಕಲೆಗಳಂತೆ ಹೂವಿನ ಪರಾಗವೂ ಅಲ್ಲಿ ಸಾಕ್ಷ್ಯವಾಗಿ ಎದುರಾಗಬಹುದು. ಅದನ್ನು ಎಷ್ಟು ನಂಬಬೇಕು?

ವೈದ್ಯರಿಗೆ ಪರಾಗವೆಂದರೆ ಸೀನು, ಉಬ್ಬಸ. ತನಿಖೆಗಾರರಿಗೆ ಅದೇ ರೇಣು ಒಂದು ವಿಳಾಸ. ಕಣ್ಣಿಗೆ ಕಾಣದಂತೆ ಬಟ್ಟೆ, ಕೂದಲು, ಬೂಟು, ಮೂಗಿನ ಒಳಪದರಕ್ಕೆ ಅಂಟುತ್ತದೆ. ಅದರ ಹೊರಕವಚದ ಸ್ಪೋರೊಪೊಲೆನಿನ್ ಆಮ್ಲಕ್ಕೂ ಸುಲಭವಾಗಿ ಕರಗದು. 1959ರಲ್ಲಿ ಆಸ್ಟ್ರಿಯಾದ ಶಂಕಿತನೊಬ್ಬನ ಬೂಟಿನ ಕೆಸರಿನಲ್ಲಿ ಸಿಕ್ಕ, ಸುಮಾರು 2 ಕೋಟಿ ವರ್ಷ ಹಳೆಯ ಪರಾಗ ಡ್ಯಾನ್ಯೂಬ್ ನದಿಯ ಬಳಿಯ ಒಂದು ಸಣ್ಣ ಪ್ರದೇಶದತ್ತ ಬೆರಳು ತೋರಿಸಿತು. ಆತ ಶವ ಹೂತ ಜಾಗವನ್ನು ಒಪ್ಪಿಕೊಂಡ.

ಆದರೆ ಸೂಕ್ಷ್ಮದರ್ಶಕಕ್ಕೆ ಮಿತಿಯಿದೆ. ಹುಲ್ಲುಗಳ ಪರಾಗವೆಲ್ಲ ಹೆಚ್ಚುಕಡಿಮೆ ಒಂದೇ ರೂಪ. ಇಲ್ಲಿ ಡಿಎನ್‌ಎ ನೆರವಿಗೆ ಬರುತ್ತದೆ. ರೇಣುವಿನ ಗೋಡೆ ಒಡೆದು ಡಿಎನ್‌ಎ ತೆಗೆದು, ಆರ್‌ಬಿಸಿಎಲ್, ಐಟಿಎಸ್2 ಮುಂತಾದ ತುಣುಕುಗಳನ್ನು ವೃದ್ಧಿಸಿ, ಗೊತ್ತಿರುವ ಸಸ್ಯಗಳ ಸಂಗ್ರಹದೊಡನೆ ಹೋಲಿಸುತ್ತಾರೆ. ಹಲವು ಗಿಡಗಳ ಮಿಶ್ರ ಪರಾಗವನ್ನೂ ಒಟ್ಟಿಗೇ ಓದಬಹುದು.

ಜಾತಿ ಗುರುತಿಸುವುದು ಬೇರೆ, ಇದೇ ಮರವೆನ್ನುವುದು ಬೇರೆ. 1992ರಲ್ಲಿ ಅರಿಜೋನಾದ ಫೀನಿಕ್ಸ್ ಬಳಿ ನಡೆದ ಕೊಲೆಯೊಂದರಲ್ಲಿ ಶಂಕಿತನ ಟ್ರಕ್ಕಿನಲ್ಲಿ ಪಾಲೊ ವರ್ಡೆ ಮರದ ಕಾಯಿಗಳು ಸಿಕ್ಕವು. ಅವುಗಳ ಡಿಎನ್‌ಎ ಘಟನಾ ಸ್ಥಳದ ಒಂದು ಮರಕ್ಕೆ ಹೊಂದಿತು, ಉಳಿದ ಮರಗಳಿಗೆ ಹೊಂದಲಿಲ್ಲ. ಶಿಕ್ಷೆಯಾಯಿತು, 1995ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಇದೇ ಪರೀಕ್ಷೆ ನಮ್ಮ ಸ್ಯಾನ್ ಡಿಯೇಗೊದ ಟಾರಿ ಪೈನ್ ಮರಕ್ಕೆ ಅಷ್ಟು ಫಲ ಕೊಡದು. ಈ ಮರ ಸಹಜವಾಗಿ ಬೆಳೆಯುವುದು ಸ್ಯಾನ್ ಡಿಯೇಗೊ ಕರಾವಳಿ ಮತ್ತು ಸಾಂಟಾ ರೋಸಾ ದ್ವೀಪದಲ್ಲಿ ಮಾತ್ರ. 1983ರ ಅಧ್ಯಯನವೊಂದು 59 ಆನುವಂಶಿಕ ನೆಲೆಗಳನ್ನು ಪರೀಕ್ಷಿಸಿದಾಗ, ಒಂದೊಂದು ತಾಣದೊಳಗಿನ ಮರಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡು ತಾಣಗಳ ನಡುವೆ ಭಿನ್ನವಾಗಿದ್ದುದು ಎರಡೇ ನೆಲೆ. ಅಂದರೆ ಊರು ಹೇಳಬಹುದು, ಮರ ಹೇಳುವುದು ಕಷ್ಟ. ಮೇಲಾಗಿ ಪೈನ್ ಪರಾಗ ಗಾಳಿಯಲ್ಲಿ ಬಹುದೂರ ಹಾರುತ್ತದೆ. ಲಾಸ್ ಏಂಜಲಿಸ್‌ನಲ್ಲಿ ಇನ್ನೊಂದು ತೊಡಕು: ದಕ್ಷಿಣ ಅಮೆರಿಕದ ಜಕರಂದ, ಆಸ್ಟ್ರೇಲಿಯಾದ ನೀಲಗಿರಿ ಎಲ್ಲ ಬಡಾವಣೆಗಳಲ್ಲೂ ಇವೆ. ಅಲ್ಲಿ ಒಂದು ಹೂವಲ್ಲ, ಹಲವು ಹೂಗಳ ಕೂಟವೇ ಜಾಗವನ್ನು ಸೂಚಿಸಬೇಕು.

ಕ್ಯಾಲಿಫೋರ್ನಿಯಾದಲ್ಲಿ 1976ರ ಕೆಲಿ ತೀರ್ಪಿನ ಪ್ರಕಾರ ಹೊಸ ವೈಜ್ಞಾನಿಕ ವಿಧಾನವನ್ನು ಆ ಕ್ಷೇತ್ರದ ತಜ್ಞರು ಸಾಮಾನ್ಯವಾಗಿ ಒಪ್ಪಿರಬೇಕು. ಪರೀಕ್ಷೆಯೂ ಸರಿಯಾದ ಕ್ರಮದಲ್ಲಿ ನಡೆದಿರಬೇಕು. ಅದನ್ನು ನ್ಯಾಯಾಧೀಶರು ನೋಡುತ್ತಾರೆ. ಒಳಗೆ ಬಂದ ಸಾಕ್ಷ್ಯವನ್ನು ತೂಗುವವರು ನಾವು. ಮಾದರಿಯನ್ನು ಯಾರು, ಯಾವಾಗ, ಹೇಗೆ ತೆಗೆದರು? ಹೋಲಿಕೆಗೆ ಸ್ಥಳದ ಮಣ್ಣು, ಗಿಡಗಳನ್ನೂ ಪರೀಕ್ಷಿಸಿದರೇ? ಇದೇ ಪರಾಗ ಆತನ ಮನೆಯಂಗಳದಿಂದಲೂ ಬಂದಿರಬಹುದೇ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೂ ಒಂದು ಮಾತು ನೆನಪಿರಲಿ: ಪರಾಗ ಆ ಬಟ್ಟೆ ಎಲ್ಲಿಗೆ ಹೋಗಿತ್ತೆಂದು ಹೇಳೀತು, ಅದನ್ನು ತೊಟ್ಟವನು ಅಲ್ಲಿ ಏನು ಮಾಡಿದನೆಂದು ಹೇಳದು.