ನೂರಿಪ್ಪತ್ತೇಳು ಹಲ್ಲಿನ ಗೇರು

ಸಿಂಧನೂರು ಸೀಮೆಯಲ್ಲಿ ಭತ್ತದ ಕೊಯ್ಲು ಶುರುವಾಯಿತೆಂದರೆ ಲೇತ್ ಅಂಗಡಿಗಳಿಗೆ ಹಗಲು ರಾತ್ರಿ ಎರಡೂ ಒಂದೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು ಹೆಚ್ಚೂಕಡಿಮೆ ಒಟ್ಟಿಗೇ ಕಟಾವಿಗೆ ಬರುತ್ತವೆ. ಯಂತ್ರಗಳು ಗದ್ದೆಗಿಳಿಯುವುದೂ ಒಟ್ಟಿಗೇ, ಕೆಟ್ಟು ನಿಲ್ಲುವುದೂ ಒಟ್ಟಿಗೇ. ಶಾಫ್ಟಿನ ತುದಿಯಲ್ಲಿ ಎರಡು ಬೆರಳಷ್ಟು ಉದ್ದದ ಥ್ರೆಡ್ ಕಿತ್ತುಹೋದರೆ ಸಾಕು, ಲಕ್ಷಗಟ್ಟಲೆ ಬೆಲೆಯ ಹಾರ್ವೆಸ್ಟರ್ ಬದುವಿನ ಪಕ್ಕ ಸುಮ್ಮನೆ ನಿಲ್ಲುತ್ತದೆ. ಹೊಸ ಶಾಫ್ಟ್ ದೊಡ್ಡ ಊರಿನಿಂದ ಬರುವತನಕ ಕಾಯುವಂತಿಲ್ಲ. ಅಷ್ಟರಲ್ಲಿ ಮಳೆ ಹಿಡಿದರೆ ತೆನೆ ಗದ್ದೆಯಲ್ಲೇ ಮೊಳಕೆಯೊಡೆಯುತ್ತದೆ. ಹಾಗಾಗಿ ರೈತ ಹಿಡಿಯುವುದು ಊರಿನ ಲೇತ್ ಅಂಗಡಿಯ ದಾರಿಯನ್ನೇ.

“ಮಿಸ್ತ್ರಿ, ಇವತ್ತೇ ಆಗಬೇಕ್ರಿ.”

“ಆಗ್ತದ ಗೌಡ್ರ. ಮೊದ್ಲು ಇದು ಇಂಚಿಂದೊ ಎಂಎಮ್ಮಿಂದೊ ನೋಡೋಣ.”

ಮಿಸ್ತ್ರಿ ಪಿಚ್ ಗೇಜಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಶಾಫ್ಟಿನ ಮೇಲೆ ಉಳಿದಿರುವ ಗೀರುಗಳಿಗೆ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾನೆ. 1.5 ಎಂದು ಬರೆದ ಎಲೆ ಸಂದಿಲ್ಲದಂತೆ ಕೂರುತ್ತದೆ. ಅಂದರೆ ಇದು ಮಿಲಿಮೀಟರಿನ ಥ್ರೆಡ್. ಅವನ ಲೇತೋ ಇಂಚಿನದು. ಇಂಚಿನ ಯಂತ್ರದ ಮೇಲೆ ಮಿಲಿಮೀಟರಿನ ಥ್ರೆಡ್ ಕೊರೆಯುವ ಈ ಕೆಲಸದ ಹಿಂದೆ ಬಹಳ ಸೊಗಸಾದ ಒಂದು ಅಂಕಗಣಿತವಿದೆ.

ಬೋಲ್ಟುಗಳಲ್ಲಿ ಎರಡು ವಂಶ ಹೇಗಾದವು ಎಂಬುದನ್ನು ಮೊದಲು ನೋಡೋಣ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಒಂದೊಂದು ಕಾರ್ಖಾನೆಯ ಥ್ರೆಡ್ ಒಂದೊಂದು ಥರ ಇತ್ತು. ಒಬ್ಬರ ನಟ್ ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಪಟ್ಟಿ ಮುಂದಿಟ್ಟ. ಅವನ ಪಟ್ಟಿಯಲ್ಲಿ ಥ್ರೆಡ್ಡಿನ ಕೋನ 55 ಡಿಗ್ರಿ, ಅಳತೆ ‘ಇಂಚಿಗೆ ಎಷ್ಟು ಸುತ್ತು’ ಎಂಬ ಲೆಕ್ಕದಲ್ಲಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ ಕೋನವನ್ನು 60 ಡಿಗ್ರಿ ಮಾಡಿದ, ಇಂಚನ್ನು ಮಾತ್ರ ಬಿಡಲಿಲ್ಲ. ಫ್ರಾನ್ಸ್, ಜರ್ಮನಿಗಳ ಕಡೆಯವರು ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಎಷ್ಟು ಮಿಲಿಮೀಟರ್ ಎಂದು ಅಳೆದರು. ಅದೇ ಪಿಚ್. ಅರ್ಧ ಇಂಚಿನ, ಅಂದರೆ ನಾಲ್ಕು ಸೂತಿನ ವಿಟ್‌ವರ್ತ್ ಬೋಲ್ಟಿನಲ್ಲಿ ಇಂಚಿಗೆ 12 ಸುತ್ತು. ದಪ್ಪದಲ್ಲಿ ಅದಕ್ಕೆ ಹತ್ತಿರವಿರುವ 12 ಮಿ.ಮೀ. ಬೋಲ್ಟಿನ ಪಿಚ್ 1.75 ಮಿ.ಮೀ. ನೋಟಕ್ಕೆ ಅಣ್ಣತಮ್ಮಂದಿರಂತಿದ್ದರೂ ಒಂದರ ನಟ್ ಇನ್ನೊಂದಕ್ಕೆ ಆಗುವುದಿಲ್ಲ.

ಬ್ರಿಟಿಷರ ಯಂತ್ರ ಹೋದಲ್ಲೆಲ್ಲ ಇಂಚಿನ ಬೋಲ್ಟೂ ಹೋಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಚಿನ್ನ ತೆಗೆದದ್ದು, ಕೋಲಾರದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆಯೇ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ ಕಣ್ಣಿಗೆ ಬಿದ್ದದ್ದು ಕೂಡ ಚಿನ್ನ ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ. ಗಣಿಯ ಹಿಂದೆ ಪಂಪು ಬಂತು, ಪಂಪಿನ ಹಿಂದೆ ಪೈಪು ಬಂತು. ಪೈಪಿನ ಥ್ರೆಡ್ ಇವತ್ತಿಗೂ ಇಂಚಿನ ಲೆಕ್ಕದಲ್ಲೇ ಇದೆ: ಕೊಳವೆಬಾವಿಗೆ ಇಳಿಸುವ ಒಂದು ಇಂಚಿನ ಜಿಐ ಪೈಪಿನ ತುದಿಯಲ್ಲಿ ಇಂಚಿಗೆ 11 ಸುತ್ತು, ವಿಟ್‌ವರ್ತನ ಅದೇ 55 ಡಿಗ್ರಿ ಕೋನ.

ಟ್ರಾಕ್ಟರುಗಳಲ್ಲಿ ಎರಡೂ ವಂಶ ಕಲೆತವು. ಮ್ಯಾಸ್ಸಿ ಫರ್ಗುಸನ್, ಹಾಗೆಯೇ ಮಹೀಂದ್ರದವರು ಮೊದಲು ತಯಾರಿಸಿದ ಇಂಟರ್‌ನ್ಯಾಷನಲ್ ಬಿ-275, ಇವೆರಡೂ ಇಂಚಿನ ದೇಶಗಳ ವಿನ್ಯಾಸಗಳು. ಎಚ್‌ಎಂಟಿ ಟ್ರಾಕ್ಟರು ಜೆಕೊಸ್ಲೊವಾಕಿಯದ ಝೆಟರ್ ವಿನ್ಯಾಸ, ಐಷರ್ ಜರ್ಮನಿಯದು, ಇವು ಮಿಲಿಮೀಟರಿನವು. ಈಗ ಗದ್ದೆಗಿಳಿಯುವ ಜಪಾನಿ ಚೈನ್ ಹಾರ್ವೆಸ್ಟರುಗಳೂ ಮಿಲಿಮೀಟರಿನವೇ. ಆದರೆ ಟ್ರಾಕ್ಟರು ಯಾವ ದೇಶದ್ದೇ ಇರಲಿ, ಉಪಕರಣಗಳನ್ನು ತಿರುಗಿಸುವ ಹಿಂದಿನ ಪಿಟಿಒ ಶಾಫ್ಟಿನ ದಪ್ಪ ಸಾಮಾನ್ಯವಾಗಿ ಒಂದು ಇಂಚು ಮೂರು ಸೂತ್. ನಮ್ಮ ದೇಶದಲ್ಲಿ 1956ರ ಕಾಯ್ದೆಯ ಪ್ರಕಾರ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ಅಳತೆ ಜಾರಿಗೆ ಬರತೊಡಗಿತು. ಸೇರು ಹೋಗಿ ಕಿಲೋ ಬಂತು. ಲೇತ್ ಮಾತ್ರ ಸೇರಿನ ಹಾಗೆ ಮೂಲೆಗೆ ಎಸೆಯುವ ವಸ್ತುವಲ್ಲ. ಬೆಡ್ ನೆಟ್ಟಗಿದ್ದರೆ ಐವತ್ತು ವರ್ಷ ದುಡಿಯುತ್ತದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳೂ ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ್‌ಗಳ ಲೇತುಗಳೂ ಕೈಯಿಂದ ಕೈಗೆ ದಾಟುತ್ತ ಸಣ್ಣ ಊರುಗಳಲ್ಲಿ ಇನ್ನೂ ಓಡುತ್ತಿವೆ. ಇಂಥ ಹಳೆಯ ಲೇತುಗಳಲ್ಲಿ ಇಂಚಿಗೆ 4 ಸುತ್ತಿನ ಲೀಡ್ ಸ್ಕ್ರೂ ಬಹಳ ಸಾಮಾನ್ಯ.

ಲೀಡ್ ಸ್ಕ್ರೂ ಎಂದರೆ ಲೇತಿನ ಮುಂಭಾಗದಲ್ಲಿ ಉದ್ದಕ್ಕೂ ಮಲಗಿರುವ ದಪ್ಪ ಸ್ಕ್ರೂ. ಚಕ್ಕಿನಲ್ಲಿ ಹಿಡಿದ ಜಾಬ್ ಒಂದೆಡೆ ತಿರುಗುತ್ತದೆ. ಲೀಡ್ ಸ್ಕ್ರೂ ತಿರುಗಿ, ಟೂಲ್ ಹೊತ್ತ ಕ್ಯಾರೇಜನ್ನು ಎಡಕ್ಕೆ ಎಳೆಯುತ್ತದೆ. ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಎಷ್ಟು ದೂರ ಸರಿಯುತ್ತದೋ ಅದೇ ಥ್ರೆಡ್ಡಿನ ಪಿಚ್. ಸುಮಾರು 1800ರ ಹೊತ್ತಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲಿ ಈ ಏರ್ಪಾಟನ್ನು ಗಟ್ಟಿಯಾದ ಕಬ್ಬಿಣದ ಯಂತ್ರವಾಗಿಸಿದ. ಲೇತಿನ ಎಡತುದಿಯ ಮುಚ್ಚಳ ತೆಗೆದರೆ ಚಕ್ಕಿನಿಂದ ಲೀಡ್ ಸ್ಕ್ರೂವಿಗೆ ಚಲನೆ ಒಯ್ಯುವ ಗೇರುಗಳ ಸಾಲು ಕಾಣುತ್ತದೆ. ಅವೇ ಚೇಂಜ್ ಗೇರುಗಳು. ಗೇರು ಬದಲಿಸಿದರೆ ಪಿಚ್ ಬದಲಾಗುತ್ತದೆ. ಓಡಿಸುವ ಗೇರಿನ ಹಲ್ಲನ್ನು ಓಡುವ ಗೇರಿನ ಹಲ್ಲಿನಿಂದ ಭಾಗಿಸಿದರೆ ಬರುವ ಸಂಖ್ಯೆ, ಕೊರೆಯಬೇಕಾದ ಪಿಚ್ಚನ್ನು ಲೀಡ್ ಸ್ಕ್ರೂವಿನ ಪಿಚ್ಚಿನಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಸಮನಾಗಿರಬೇಕು. ಐಟಿಐ ಟರ್ನರ್ ಟ್ರೇಡಿನ ಹುಡುಗರು ಕಲಿಯುವ ಸೂತ್ರ ಇಷ್ಟೇ.

ಇಂಚಿನ ಥ್ರೆಡ್ಡಾದರೆ ಲೆಕ್ಕ ಬಾಯಲ್ಲೇ ಮುಗಿಯುತ್ತದೆ. ಇಂಚಿಗೆ 4 ಸುತ್ತಿನ ಲೀಡ್ ಸ್ಕ್ರೂವಿನಿಂದ ಇಂಚಿಗೆ 16 ಸುತ್ತು ಕೊರೆಯಲು ನಾಲ್ಕರಲ್ಲಿ ಒಂದರ ಅನುಪಾತ ಬೇಕು. 20ರ ಗೇರು 80ರ ಗೇರನ್ನು ಓಡಿಸಿದರಾಯಿತು. ಮಿಲಿಮೀಟರಿಗೆ ಬಂದರೆ ತೊಡಕು. ಒಂದು ಇಂಚು ಎಂದರೆ 25.4 ಮಿ.ಮೀ.; ಅದರ ನಾಲ್ಕನೇ ಒಂದು ಭಾಗ, ಅಂದರೆ ಲೀಡ್ ಸ್ಕ್ರೂವಿನ ಪಿಚ್, 6.35 ಮಿ.ಮೀ. ನಮಗೆ ಬೇಕಾದದ್ದು 1.5 ಮಿ.ಮೀ. ಹಾಗಾದರೆ 1.5 ಭಾಗಿಸು 6.35. ದಶಾಂಶ ತೆಗೆದು, ಮೇಲೆ ಕೆಳಗೆ ಹೊಡೆದುಹಾಕಬಹುದಾದದ್ದನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವುದು 30/127.

ಅಲ್ಲಿಗೆ ನಿಂತಿತು. 127ನ್ನು ಇನ್ನು ಒಡೆಯಲಾಗದು. ಅದು ಅವಿಭಾಜ್ಯ ಸಂಖ್ಯೆ. ಅದು 126 ಆಗಿದ್ದರೆ ಚಿಕ್ಕ ಚಿಕ್ಕ ಗೇರುಗಳ ಜೋಡಿಯಿಂದ ಕೆಲಸ ಸಾಗುತ್ತಿತ್ತು, 128 ಆಗಿದ್ದರೂ ಸಾಗುತ್ತಿತ್ತು. ಇಂಚನ್ನು ಒಂದಿಷ್ಟೂ ತಪ್ಪಿಲ್ಲದೆ ಮಿಲಿಮೀಟರಿಗೆ ತಿರುಗಿಸಬೇಕಾದರೆ ಗೇರುಗಳ ಸಾಲಿನಲ್ಲಿ ಎಲ್ಲಾದರೂ ಒಂದು ಕಡೆ 127 ಹಲ್ಲಿನ, ಇಲ್ಲವೇ ಅದರ ಎರಡರಷ್ಟು ಮೂರರಷ್ಟು ಹಲ್ಲಿನ ಗೇರು ಇರಲೇಬೇಕು. ಅದಿದ್ದರೆ ಮಾತ್ರ ಲೆಕ್ಕ ಎಷ್ಟು ಹಗುರವಾಗುತ್ತದೆ ನೋಡಿ: ಇಂಚಿಗೆ 4 ಸುತ್ತಿನ ಲೀಡ್ ಸ್ಕ್ರೂವಿಗೆ 127ರ ಗೇರು ಹಾಕಿ, ಬೇಕಾದ ಪಿಚ್ಚನ್ನು 20ರಿಂದ ಗುಣಿಸಿ, ಅಷ್ಟು ಹಲ್ಲಿನ ಗೇರನ್ನು ಮೇಲೆ, ಓಡಿಸುವ ಕಡೆ ಹಾಕಿ. 1.25ಕ್ಕೆ 25, 1.5ಕ್ಕೆ 30, 1.75ಕ್ಕೆ 35, 2ಕ್ಕೆ 40, 3ಕ್ಕೆ 60. ನಡುವೆ ಬರುವ ಐಡ್ಲರ್ ಗೇರಿಗೆ ಎಷ್ಟು ಹಲ್ಲಿದ್ದರೂ ಅನುಪಾತ ಕೆಡುವುದಿಲ್ಲ.

25.4 ಎಂಬ ಅಂಕಿಯೂ ತಾನಾಗಿ ಬಂದದ್ದಲ್ಲ. ಮೊದಲು ಬ್ರಿಟಿಷ್ ಇಂಚು ಇದಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಅಮೆರಿಕದ ಇಂಚು ಕೂದಲೆಳೆಯಷ್ಟು ಹೆಚ್ಚು ಇತ್ತು. ಅಳತೆಯ ಗೇಜ್ ಬ್ಲಾಕುಗಳನ್ನು ತಯಾರಿಸುತ್ತಿದ್ದ ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ಎರಡರ ನಡುವಿನ 25.4ನ್ನು ಹಿಡಿದ. ಕಾರ್ಖಾನೆಗಳು ಅದನ್ನೇ ಒಪ್ಪಿದವು. 1959ರ ಜುಲೈ 1ರಿಂದ ಇಂಗ್ಲಿಷ್ ಮಾತಾಡುವ ಆರು ದೇಶಗಳೂ ಒಪ್ಪಿದವು. ಅಮೆರಿಕದ ಹಳೆಯ ಲೆಕ್ಕದಲ್ಲಿ ಒಂದು ಮೀಟರಿಗೆ 39.37 ಇಂಚು. 3937 ಎಂದರೆ 31 ಗುಣಿಸು 127! ಅಂದರೆ ಹಳೆಯ ಇಂಚೇ ಉಳಿದಿದ್ದರೂ 127 ನಮ್ಮನ್ನು ಬಿಡುತ್ತಿರಲಿಲ್ಲ, ಜತೆಗೆ 31 ಹಲ್ಲಿನ ಕಾಟವೂ ಸೇರಿಕೊಳ್ಳುತ್ತಿತ್ತು.

127ರ ಗೇರಿನ ತೊಂದರೆ ಅದರ ಗಾತ್ರ. 2 ಮಾಡ್ಯೂಲಿನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) ಗೇರಾದರೆ ಅದರ ಪಿಚ್ ವ್ಯಾಸ 254 ಮಿ.ಮೀ., ಸರಿಯಾಗಿ ಹತ್ತು ಇಂಚು. ಎಷ್ಟೋ ಲೇತುಗಳ ಮುಚ್ಚಳದೊಳಗೆ ಅದಕ್ಕೆ ಜಾಗವೇ ಇರುವುದಿಲ್ಲ. ತಯಾರಿಸುವುದೂ ಸುಲಭವಲ್ಲ. ಮಿಲ್ಲಿಂಗ್ ಯಂತ್ರದ ಡಿವೈಡಿಂಗ್ ಹೆಡ್ಡಿನ ಮಾಮೂಲಿ ತೂತಿನ ಪ್ಲೇಟುಗಳಿಂದ 127 ಭಾಗ ಮಾಡಲು ಬರುವುದಿಲ್ಲ. ಆ ಹೆಡ್ಡಿಗೂ ಬೇರೆ ಗೇರುಗಳನ್ನು ಜೋಡಿಸಿಕೊಂಡು ಭಾಗ ಮಾಡಬೇಕು.

ಅದಕ್ಕೆ ಹಿಂದಿನವರು ಹುಡುಕಿಕೊಂಡ ಉಪಾಯ 63ರ ಗೇರು. 1600ನ್ನು 63ರಿಂದ ಭಾಗಿಸಿದರೆ 25.3968 ಬರುತ್ತದೆ, 25.4ಕ್ಕೆ ಬಲು ಸಮೀಪ. ನಮ್ಮ 1.5 ಪಿಚ್ಚಿಗೆ 63ರ ಗೇರು 80ನ್ನು ಓಡಿಸಲಿ. 80ರ ಜತೆ ಅದೇ ಶಾಫ್ಟಿನಲ್ಲಿ ಕೂತ 30ರ ಗೇರು ಲೀಡ್ ಸ್ಕ್ರೂವಿನ 100ನ್ನು ಓಡಿಸಲಿ. ಸಿಗುವ ಅನುಪಾತ 0.23625; ಬೇಕಾದದ್ದು 0.23622. ತಪ್ಪು ಎಷ್ಟು? ಒಂದು ಮೀಟರ್ ಉದ್ದ ಕೊರೆದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ನಟ್ಟಿನ ಹಿಡಿತ 16 ಮಿ.ಮೀ. ಇದ್ದರೆ ಅಷ್ಟುದ್ದಕ್ಕೆ ಬರುವ ತಪ್ಪು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ ಮಾತ್ರ. ಹಳೆಯ ಲೇತಿನ ಸವೆದ ಲೀಡ್ ಸ್ಕ್ರೂವಿನ ತಪ್ಪೇ ಇದಕ್ಕಿಂತ ಹೆಚ್ಚಿರುತ್ತದೆ. 63 ಸಿಗದಿದ್ದರೆ 37 ಮತ್ತು 47ರ ಜೋಡಿಯೂ ಉಂಟು; ಅದರ ತಪ್ಪು ಮೀಟರಿಗೆ ಸುಮಾರು 0.2 ಮಿ.ಮೀ. ಬೋಲ್ಟಿಗೆ, ಶಾಫ್ಟಿಗೆ ಎರಡೂ ನಡೆಯುತ್ತವೆ. ಉದ್ದನೆಯ ಲೀಡ್ ಸ್ಕ್ರೂ, ಅಳತೆಯ ಉಪಕರಣ ಮಾಡುವವರಿಗೆ 127 ಬಿಟ್ಟು ಬೇರೆ ದಾರಿಯಿಲ್ಲ.

ನಡೆಯದೇ ಇರುವುದು ‘ಹತ್ತಿರದ ಇಂಚಿನ ಥ್ರೆಡ್ ಹಾಕಿಬಿಡು’ ಎಂಬ ಅವಸರ. 1.5 ಮಿ.ಮೀ. ಬದಲು ಇಂಚಿಗೆ 16 ಸುತ್ತು ಕೊರೆದರೆ ಪಿಚ್ 1.5875 ಮಿ.ಮೀ. ಆಗುತ್ತದೆ. ಹತ್ತು ಸುತ್ತಿಗೆ 0.875 ಮಿ.ಮೀ. ವ್ಯತ್ಯಾಸ, ಅರ್ಧ ಪಿಚ್ಚಿಗಿಂತ ಹೆಚ್ಚು. ನಟ್ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಬಿಗಿಯಾಯಿತೆಂದು ತಿಳಿದು ಸ್ಪ್ಯಾನರಿಗೆ ಪೈಪ್ ಹಾಕಿ ತಿರುವಿದರೆ ಥ್ರೆಡ್ ಸಿಪ್ಪೆಯ ಹಾಗೆ ಎದ್ದುಬರುತ್ತದೆ. ನಡುಗುವ ಯಂತ್ರದಲ್ಲಿ ಅಂಥ ನಟ್ ಕಳಚಿಕೊಂಡರೆ ಪಕ್ಕದಲ್ಲಿ ನಿಂತವನ ಜೀವಕ್ಕೇ ಅಪಾಯ.

ಗೇರು ಕೂತ ಮೇಲೆ ಕೊರೆಯುವ ಕೆಲಸ. 60 ಡಿಗ್ರಿಗೆ ಸಾಣೆ ಹಿಡಿದ ಟೂಲನ್ನು ಸೆಂಟರ್ ಗೇಜ್ ಇಟ್ಟು ಜಾಬಿಗೆ ನೇರ ಮಾಡಬೇಕು. ಮೊದಲ ಸಲ ಬರೀ ಗೀರು ಎಳೆದು ಪಿಚ್ ಗೇಜ್ ಹಿಡಿದು ನೋಡಬೇಕು. ತಪ್ಪಿದ್ದರೆ ಸಿಕ್ಕಿಬೀಳುವುದು ಇಲ್ಲೇ, ಶಾಫ್ಟ್ ಹಾಳಾಗುವ ಮೊದಲೇ. 1.5 ಪಿಚ್ಚಿಗೆ ಒಟ್ಟು ಆಳ 0.92 ಮಿ.ಮೀ. ಅದನ್ನು ಒಂದೇ ಸಲ ಕೊರೆಯಲಾಗದು. ಎಣ್ಣೆ ಬಿಡುತ್ತ, ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹಲವು ಸಲ ಹೋಗಿಬರಬೇಕು. ಕೂರಿಗೆ ಹಾಕಿದ ಸಾಲಿನ ನಡುವೆಯೇ ಎಡೆಕುಂಟೆ ಹಾಯಬೇಕು, ಒಂದು ಗೇಣು ಅತ್ತಿತ್ತ ಆದರೆ ಪೈರೇ ಕಿತ್ತುಬರುತ್ತದಲ್ಲ, ಇಲ್ಲಿಯೂ ಪ್ರತಿ ಸಲ ಟೂಲ್ ಹಿಂದಿನ ಗೀರಿನಲ್ಲೇ ಇಳಿಯಬೇಕು.

ಇಂಚಿನ ಥ್ರೆಡ್ ಕೊರೆಯುವಾಗ, ಕ್ಯಾರೇಜನ್ನು ಲೀಡ್ ಸ್ಕ್ರೂವಿಗೆ ಕಚ್ಚಿಸುವ ಹಾಫ್ ನಟ್ ಬಿಚ್ಚಿ, ಕ್ಯಾರೇಜನ್ನು ಕೈಯಲ್ಲೇ ಹಿಂದಕ್ಕೆ ತಂದು, ಥ್ರೆಡ್ ಡಯಲಿನ ಗುರುತು ನೋಡಿ ಮತ್ತೆ ಹಾಕಬಹುದು. ಮಿಲಿಮೀಟರಿನ ಥ್ರೆಡ್ಡಿಗೆ ಆ ಡಯಲ್ ಕೆಲಸಕ್ಕೆ ಬಾರದು. 6.35ರ ಲೀಡ್ ಸ್ಕ್ರೂವೂ 1.5ರ ಥ್ರೆಡ್ಡೂ ಮತ್ತೆ ಒಂದಕ್ಕೊಂದು ತಾಳೆಯಾಗುವುದು 190.5 ಮಿ.ಮೀ.ಗೆ ಒಮ್ಮೆ ಮಾತ್ರ: ಲೀಡ್ ಸ್ಕ್ರೂವಿನ 30 ಸುತ್ತು, ಜಾಬಿನ 127 ಸುತ್ತು. ಬೇರೆಲ್ಲಿ ಹಾಫ್ ನಟ್ ಹಾಕಿದರೂ ಟೂಲ್ ಹಳೆಯ ಗೀರನ್ನು ಬಿಟ್ಟು ದಿಬ್ಬವನ್ನೇ ಕಡಿಯುತ್ತದೆ. ಆದ್ದರಿಂದ ಕೆಲಸ ಮುಗಿಯುವ ತನಕ ಹಾಫ್ ನಟ್ ಬಿಚ್ಚುವಂತಿಲ್ಲ. ಕೊನೆ ಮುಟ್ಟಿದಾಗ ಟೂಲನ್ನು ಹೊರಗೆಳೆದು, ಮೋಟಾರನ್ನು ಉಲ್ಟಾ ತಿರುಗಿಸಿ, ಇಡೀ ಗೇರುಗಳ ಸಾಲು ಹಿಂದಕ್ಕೆ ಓಡಿದ ಮೇಲೆ ಮತ್ತೆ ಮುಂದಕ್ಕೆ ಬಿಡಬೇಕು. ಗೇರಿನ ಹಲ್ಲುಗಳ ನಡುವಿನ ಸಡಿಲು ತೀರಲೆಂದು ಜಾಬಿನ ತುದಿಯಿಂದ ಸಾಕಷ್ಟು ಆಚೆಗೆ ಹೋಗಿಯೇ ಮರಳಿ ಬರಬೇಕು. ಇದಕ್ಕೆ ತಾಳ್ಮೆ ಬೇಕು. ಹೊರಗೆ ರೈತ ಗಡಿಯಾರ ನೋಡುತ್ತ ನಿಂತಿರುವಾಗಲೂ ಆ ತಾಳ್ಮೆ ಕಳೆದುಕೊಳ್ಳದವನೇ ನಿಜವಾದ ಟರ್ನರ್.

ಈಗಿನ ಸಿಎನ್‌ಸಿ ಯಂತ್ರಗಳಲ್ಲಿ ಚೇಂಜ್ ಗೇರುಗಳಿಲ್ಲ. ಚಕ್ಕಿನ ಸುತ್ತನ್ನು ಎನ್‌ಕೋಡರ್ ಎಣಿಸುತ್ತದೆ, ಲೀಡ್ ಸ್ಕ್ರೂವನ್ನು ಬೇರೆ ಮೋಟಾರು ತಿರುಗಿಸುತ್ತದೆ, ಭಾಗಾಕಾರ ಕಂಪ್ಯೂಟರಿನದು. ಹಳೆಯ ಲೇತಿಗೂ ಇಂಥ ಏರ್ಪಾಟು ಜೋಡಿಸಿಕೊಳ್ಳಬಹುದು. ಆದರೆ ಒಂದೇ ಒಂದು ಶಾಫ್ಟಿಗೆ, ಸಂಜೆಯೊಳಗೆ, ಊರಿನಲ್ಲೇ ಥ್ರೆಡ್ ಹಾಕಿಕೊಡಲು ಗೇರು ಬದಲಿಸಬಲ್ಲ ಮಿಸ್ತ್ರಿಗಿಂತ ಅಗ್ಗದ, ನಂಬಿಗಸ್ತ ದಾರಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಂಥ ಊರುಗಳಿಗೆ ಇನ್ನೂ ಇಲ್ಲ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ರೈತರಿಗೆ ಒಂದು ಮಾತು: ಕೆಟ್ಟ ಶಾಫ್ಟನ್ನು ಲೇತಿಗೆ ಒಯ್ಯುವಾಗ ಅದರ ನಟ್ಟನ್ನೂ ತಪ್ಪದೆ ಒಯ್ಯಿರಿ. ಶಾಫ್ಟಿನ ಥ್ರೆಡ್ ಪೂರ್ತಿ ಅಳಿಸಿಹೋಗಿದ್ದರೂ ನಟ್ಟಿನೊಳಗೆ ಪಿಚ್ ಉಳಿದಿರುತ್ತದೆ, ಹೊಸ ಥ್ರೆಡ್ ಕೂತಿತೋ ಇಲ್ಲವೋ ಅಲ್ಲೇ ಹಾಕಿ ನೋಡಬಹುದು. ಲೇತ್ ಅಂಗಡಿಯವರಿಗೂ ಒಂದು ಮಾತು: ಹಳೆಯ ಲೇತಿನ ಜತೆ ಬಂದ ಗೇರುಗಳನ್ನು ಗುಜರಿಗೆ ಹಾಕುವ ಮುನ್ನ ಹಲ್ಲು ಎಣಿಸಿ ನೋಡಿ. 127 ಇದ್ದರೆ, 63 ಇದ್ದರೂ ಸರಿಯೇ, ಯಾವ ಬೆಲೆಗೂ ಕೊಡಬೇಡಿ.